ಸುಟ್ಟ ಅನಿಲವನ್ನು ಮರಳಿ ಸೀಳಿದ ಕಥೆ

ಸುಣ್ಣದ ತಿಳಿನೀರಿಗೆ ಉಸಿರೂದಿ, ಅದು ಹಾಲಿನಂತೆ ಬೆಳ್ಳಗಾಗುವುದನ್ನು ನಾನು ತರಗತಿಯಲ್ಲಿ ತೋರಿಸುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ, "ಸಾರ್, ಈ ಅನಿಲವನ್ನು ಮತ್ತೆ ಬಿಡಿಸಲು ಆಗುವುದಿಲ್ಲವೇ?" ಎಂದು ಕೇಳಿದ. "ಅದು ಹಸಿರೆಲೆಗಷ್ಟೇ ಗೊತ್ತಿರುವ ವಿದ್ಯೆ, ಕೂತುಕೋ" ಎಂದುಬಿಟ್ಟೆ. ಆ ಉತ್ತರ ಅವಸರದ್ದಾಗಿತ್ತೆಂಬುದು ನಿವೃತ್ತಿಯ ನಂತರದ ಓದಿನಿಂದ ತಿಳಿಯಿತು. ಇಂದು ಆ ಬಾಕಿಯನ್ನು ತೀರಿಸುತ್ತಿದ್ದೇನೆ.

ವಿದ್ಯುತ್ತು ಹಾಯ್ದು ಎಲೆಕ್ಟ್ರಾನು, ಅಯಾನುಗಳಿಂದ ತುಂಬಿದ ಅನಿಲಕ್ಕೆ ಅಮೆರಿಕದ ಇರ್ವಿಂಗ್ ಲ್ಯಾಂಗ್ಮ್ಯೂರ್ 1928ರಲ್ಲಿ ‘ಪ್ಲಾಸ್ಮಾ’ ಎಂದು ಹೆಸರಿಟ್ಟರು. ಇಂಗಾಲದ ಡೈ ಆಕ್ಸೈಡ್ ಅಣುವಿನಿಂದ ಒಂದು ಆಮ್ಲಜನಕ ಪರಮಾಣುವನ್ನು ಕಿತ್ತು ಇಂಗಾಲದ ಮಾನಾಕ್ಸೈಡ್ ಪಡೆಯಲು ಸುಮಾರು 5.5 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಎಲೆಕ್ಟ್ರಾನಿನ ಒಂದೇ ಪೆಟ್ಟಿನಿಂದ ಒಡೆಯುವುದಾದರೆ 7ಕ್ಕೂ ಮಿಕ್ಕಿ ಬೇಕಾಗುತ್ತದೆ; ಹೆಚ್ಚುವರಿಯೆಲ್ಲ ನಷ್ಟ.

ಇದಕ್ಕಿಂತ ಮಿತವ್ಯಯದ ದಾರಿಯೊಂದನ್ನು ಮಾಸ್ಕೋದ ಕುರ್ಚಾತೊವ್ ಸಂಸ್ಥೆಯ ರುಸಾನೊವ್, ಫ್ರಿಡ್ಮನ್ ಮೊದಲಾದವರು ಪ್ರತಿಪಾದಿಸಿದರು. ಎಲೆಕ್ಟ್ರಾನುಗಳು ಅಣುವನ್ನು ಮೆಲ್ಲನೆ ಕಂಪಿಸುವಂತೆ ಮಾಡುತ್ತವೆ. ಕಂಪಿಸುವ ಅಣುಗಳು ಪರಸ್ಪರ ಡಿಕ್ಕಿಯಾಗಿ ಶಕ್ತಿಯನ್ನು ಹಂಚಿಕೊಳ್ಳುತ್ತವೆ. ಹೀಗೆ ಕೆಲವು ಅಣುಗಳು ಏಣಿಯ ಮೆಟ್ಟಿಲೇರಿದಂತೆ ಏರಿ, ತುದಿಯಲ್ಲಿ ತಾವಾಗಿ ಒಡೆಯುತ್ತವೆ. ಅನಿಲ ಮಾತ್ರ ತಣ್ಣಗಿರಬೇಕು, ಬಿಸಿಯಾದರೆ ಮೆಟ್ಟಿಲುಗಳಿಂದ ಶಕ್ತಿ ಸೋರಿಹೋಗುತ್ತದೆ. 1983ರಲ್ಲಿ ಅವರು, ಶಬ್ದಾತೀತ ವೇಗದಲ್ಲಿ ಹರಿಯುವ ಮೈಕ್ರೋವೇವ್ ಪ್ಲಾಸ್ಮಾದಲ್ಲಿ ಶೇ. 90ರಷ್ಟು ಶಕ್ತಿದಕ್ಷತೆ ದೊರೆತಿದೆಯೆಂದು ಪ್ರಕಟಿಸಿದರು.

ಹವಾಮಾನದ ಚಿಂತೆ ಬೆಳೆದಂತೆ ಈ ಅಂಕಿಗೆ ಮತ್ತೆ ಜೀವ ಬಂತು. ಬೆಲ್ಜಿಯಂನ ಆಂಟ್ವರ್ಪ್ ವಿಶ್ವವಿದ್ಯಾಲಯದ ಕೊಜಾಕ್ ಮತ್ತು ಬೊಗಾರ್ಟ್ಸ್ 2014ರಲ್ಲಿ ಆ ಏಣಿಯನ್ನು ಕಂಪ್ಯೂಟರಿನಲ್ಲಿ ಕಟ್ಟಿದರು. ಅಣುವಿನ ಒಂದು ಬಗೆಯ ಕಂಪನದ 21 ಮೆಟ್ಟಿಲುಗಳನ್ನು, ಒಂದೊಂದೂ ಬೇರೆ ವಸ್ತುವೋ ಎಂಬಂತೆ ಎಣಿಸಿ, ಪ್ರತಿಯೊಂದರ ಆಯ-ವ್ಯಯವನ್ನೂ ಸಮೀಕರಣಗಳಲ್ಲಿ ಬರೆದರು. ಮೈಕ್ರೋವೇವ್ ಪ್ಲಾಸ್ಮಾದಲ್ಲಿ ಏಣಿಯೇ ಮುಖ್ಯ ದಾರಿಯೆಂದು ಆ ಲೆಕ್ಕ ಸೂಚಿಸಿತು.

ಆದರೆ ಹಳೆಯ ಶೇ. 90ನ್ನು ಬೇರೆ ಯಾರೂ ಮರಳಿ ಪಡೆಯಲಾಗಲಿಲ್ಲ, ಫಲ ಶೇ. 50ರ ಆಸುಪಾಸಿನಲ್ಲೇ ನಿಂತಿತು. ನೆದರ್ಲೆಂಡ್ಸ್‌ನ ಡಿಫರ್ ಸಂಸ್ಥೆಯವರು ಲೇಸರ್ ಬೆಳಕಿನಿಂದ ಅಳೆದು ನೋಡಿದಾಗ ಪ್ಲಾಸ್ಮಾದ ನಡುಭಾಗ 3000 ಕೆಲ್ವಿನ್‌ಗೂ ಹೆಚ್ಚು ಬಿಸಿಯಾಗಿತ್ತು! ಅಷ್ಟು ಬಿಸಿಯಲ್ಲಿ ಅಣುಗಳು ಏಣಿಯ ಹಂಗಿಲ್ಲದೆ, ಬರಿಯ ಕಾವಿನಿಂದಲೇ ಒಡೆಯುತ್ತವೆ. ಆಗ ಪ್ರಶ್ನೆಯೇ ಬದಲಾಯಿತು: ಒಡೆದ ತುಣುಕುಗಳು ಮತ್ತೆ ಕೂಡಿಕೊಳ್ಳುವ ಮೊದಲು ಅವನ್ನು ಬೇಗನೆ ತಣಿಸುವುದು ಹೇಗೆ? ಲೆಕ್ಕ ಹಾಕುವವರು ಅನಿಲದ ಹರಿವನ್ನೂ ತಣಿಯುವ ವೇಗವನ್ನೂ ತಮ್ಮ ಸಮೀಕರಣಗಳೊಳಗೆ ತರಬೇಕಾಯಿತು.

ಇದರಿಂದ ಮಾಸ್ಕೋದವರ ಸಿದ್ಧಾಂತ ಸುಳ್ಳಾಯಿತೆಂದು ತಿಳಿಯಬೇಡಿ. ಒತ್ತಡ ಕಡಿಮೆಯಿದ್ದು ಅನಿಲ ತಣ್ಣಗಿರುವಲ್ಲಿ ಕಂಪನದ ಪಾತ್ರ ಇಂದಿಗೂ ಅಧ್ಯಯನದ ವಿಷಯವೇ. ಆದರೆ ಲೆಕ್ಕ ಎಷ್ಟೇ ಅಂದವಾಗಿದ್ದರೂ ಥರ್ಮಾಮೀಟರಿನ ಮುಂದೆ ತಲೆಬಾಗಲೇಬೇಕು. ಇನ್ನೊಂದು ಮಾತು: ಕಲ್ಲಿದ್ದಲು ಸುಟ್ಟು ಪಡೆದ ವಿದ್ಯುತ್ತಿನಿಂದ ಈ ಅನಿಲವನ್ನು ಸೀಳಿದರೆ, ತೂತಿನ ಕೊಡಕ್ಕೆ ನೀರು ತುಂಬಿದಂತೆ. ಬಿಸಿಲು-ಗಾಳಿಗಳ ವಿದ್ಯುತ್ತು ಸಿಕ್ಕಾಗಲೇ ಈ ವಿದ್ಯೆಗೆ ಅರ್ಥ.

ಆ ಹಿಂದಿನ ಬೆಂಚಿನ ಹುಡುಗ ಈಗ ಎಲ್ಲಿರುವನೋ ತಿಳಿಯದು. ಓದುತ್ತಿದ್ದರೆ ಕೇಳಿಸಿಕೊಳ್ಳಪ್ಪ: ಬಿಡಿಸಲು ಆಗುತ್ತದೆ. ನಿನ್ನ ಪ್ರಶ್ನೆ ಸರಿಯಾಗಿತ್ತು.