ಮಿಡಿ ಸೋತ ವರ್ಷ

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತಿನ ವಿಷಯ ಮಿಡಿ. ಉಪ್ಪಿನಕಾಯಿ ಹಾಕೋ ಮಿಡಿ ಅಲ್ಲ, ಮೊಣಕಾಲಿಗಿಂತ ಕೆಳಗೆ, ಪಾದದ ಗಂಟಿಗಿಂತ ಮೇಲೆ ನಿಲ್ಲೋ ಡ್ರೆಸ್ಸು. ಹೋದ ತಿಂಗಳು ಆನ್‌ಲೈನ್‌ನಲ್ಲಿ ಒಂದು ತರಿಸ್ಕೊಂಡೆ. ಮಾಡೆಲ್ ಮೇಲೆ ಚೆಂದ ಇತ್ತು, ನನ್ನ ಮೇಲೆ ನೈಟಿ ಥರ ಕಾಣ್ತು. ಯಾಕೆ ಹೀಗೆ ಅಂತ ಓದ್ತಾ ಓದ್ತಾ 1970ರ ಅಮೆರಿಕಕ್ಕೆ ಹೋಗಿಬಿಟ್ಟೆ. ಬಿಕಾಂ ಓದಿದವಳಿಗೆ ಇದಕ್ಕಿಂತ ರುಚಿಯಾದ ಕೇಸ್ ಸ್ಟಡಿ ಸಿಗಲ್ಲ.

ಕಥೆ ಶುರುವಾಗೋದು ಇನ್ನೂ ಹಿಂದೆ. 1947ರ ಫೆಬ್ರವರಿ 12, ಪ್ಯಾರಿಸ್. ಕ್ರಿಶ್ಚಿಯನ್ ಡಿಯೋರ್ ತನ್ನ ಹೆಸರಲ್ಲಿ ಮೊದಲ ಕಲೆಕ್ಷನ್ ತೋರಿಸಿದ. ಸಣ್ಣ ಸೊಂಟ, ಮೀನಖಂಡದವರೆಗೆ ಇಳಿಯೋ ದೊಡ್ಡ ಘೇರು, ಒಂದೊಂದು ಸ್ಕರ್ಟಿಗೂ ಗಜಗಟ್ಟಲೆ ಬಟ್ಟೆ. ಯುದ್ಧದ ಕಾಲದಲ್ಲಿ ಅಮೆರಿಕದ ಸರ್ಕಾರ ಸ್ಕರ್ಟಿನ ಉದ್ದಕ್ಕೇ ಮಿತಿ ಹಾಕಿತ್ತು. ಬ್ರಿಟನ್‌ನಲ್ಲಂತೂ ಬಟ್ಟೆಯ ಕೂಪನ್ 1949ರವರೆಗೂ ಹೋಗಲಿಲ್ಲ. ಇಂಥ ಹೊತ್ತಲ್ಲಿ ಇಷ್ಟು ಬಟ್ಟೆ ದಂಡ ಮಾಡೋದಾ ಅಂತ ಸಿಟ್ಟು ಬಂತು. ಅಮೆರಿಕದಲ್ಲಿ 'ಮೊಣಕಾಲಿಗಿಂತ ಸ್ವಲ್ಪವೇ ಕೆಳಗೆ' ಅನ್ನೋ ಅರ್ಥದ ಹೆಸರಿಟ್ಟುಕೊಂಡು ಕ್ಲಬ್ಬುಗಳೇ ಹುಟ್ಟಿದವು. ಆದರೂ ಡಿಯೋರ್ ಗೆದ್ದ. ನನಗನ್ನಿಸೋದು, ವರ್ಷಗಟ್ಟಲೆ ಹಳೇ ಬಟ್ಟೆಯನ್ನೇ ತಿರುಗಿಸಿ ಹೊಲಿದುಕೊಂಡವರಿಗೆ ಆ ಘೇರು ಬರಗಾಲ ಮುಗಿಯಿತು ಅನ್ನೋದರ ಗುರುತಾಗಿತ್ತು.

ಆಮೇಲೆ ಅರವತ್ತರ ದಶಕ. ಲಂಡನ್ನಿನ ಮೇರಿ ಕ್ವಾಂಟ್ ಹೆಸರಿನ ಜೊತೆ ಮಿನಿ ಸ್ಕರ್ಟ್ ಜಗತ್ತೆಲ್ಲ ಸುತ್ತಿತು. 1967ರಲ್ಲಿ 'ಬಾನಿ ಅಂಡ್ ಕ್ಲೈಡ್' ಸಿನಿಮಾದಲ್ಲಿ ಫೇ ಡನವೇ ಉದ್ದ ಸ್ಕರ್ಟು, ತಲೆಗೊಂದು ಬೆರೆ ಟೋಪಿ ಹಾಕ್ಕೊಂಡು ಬಂದಳು. ಹುಡುಗಿಯರು ತಾವಾಗೇ ಅದನ್ನ ಹುಡುಕಿಕೊಂಡು ಹೋದರು. ಇದು ನೆನಪಿರಲಿ.

ಈಗ 1970. ಬಟ್ಟೆ ವ್ಯಾಪಾರದವರೆಲ್ಲ ಓದೋ 'ವಿಮೆನ್ಸ್ ವೇರ್ ಡೈಲಿ' ಪತ್ರಿಕೆ, ಅದನ್ನ ನಡೆಸುತ್ತಿದ್ದವನು ಜಾನ್ ಫೇರ್‌ಚೈಲ್ಡ್. ಮಿನಿ ಕಾಲ ಮುಗೀತು, ಇನ್ನು ಮಿಡಿಯೇ ಅಂತ ಆತ ಹಟಕ್ಕೆ ಬಿದ್ದ. ಅದಕ್ಕೆ 'ಲಾಂಗೆಟ್' ಅಂತ ಫ್ರೆಂಚ್ ಹೆಸರು ಬೇರೆ. ಅಂಗಡಿಗಳು ರಾಶಿ ರಾಶಿ ಆರ್ಡರ್ ಕೊಟ್ಟವು. ಕೆಲವು ಕಡೆ ಸೇಲ್ಸ್ ಹುಡುಗಿಯರೂ ಮಿಡಿ ಹಾಕ್ಕೊಂಡೇ ಬರಬೇಕು ಅಂತಾಯಿತು.

ಇಲ್ಲಿರೋ ಲೆಕ್ಕ ನೋಡಿ. ಉದ್ದ ಸ್ಕರ್ಟನ್ನ ಕತ್ತರಿಸಿ ಮಿನಿ ಮಾಡಬಹುದು. ಮಿನಿಯನ್ನ ಎಳೆದು ಮಿಡಿ ಮಾಡೋಕಾಗಲ್ಲ. ನಾನು ಸ್ಕೂಲಲ್ಲಿದ್ದಾಗ ಅಮ್ಮ ಯೂನಿಫಾರ್ಮ್ ಲಂಗದ ಅಂಚಲ್ಲಿ ಎರಡು ಮಡಿಕೆ ಹಾಕಿ ಹೊಲಿಸ್ತಿದ್ದಳು. ನಾನು ಎತ್ತರ ಆದ ಹಾಗೆ ವರ್ಷಕ್ಕೊಂದು ಬಿಚ್ಚೋದು, ಬಣ್ಣ ಮಾಸದ ಗೆರೆ ಒಂದು ಎದ್ದು ಕಾಣೋದು. ಮಿನಿಯಲ್ಲಿ ಬಿಚ್ಚೋಕೆ ಅಂಥ ಮಡಿಕೆ ಎಲ್ಲಿರತ್ತೆ? ಅಂಚು ಒಂದಡಿ ಇಳೀತು ಅಂದ್ರೆ ಬೀರುವಿನಲ್ಲಿರೋ ಸ್ಕರ್ಟು ದಂಡ, ಅದರ ಮೇಲಿನ ಕೋಟೂ ದಂಡ, ಚಪ್ಪಲಿ ಹೋಗಿ ಬೂಟು ಬೇಕು. ನಿಮ್ಮ ಪುಸ್ತಕದಲ್ಲಿ ನಷ್ಟ, ಅಂಗಡಿ ಪುಸ್ತಕದಲ್ಲಿ ಸೇಲ್ಸು. ಅದೂ ಅಮೆರಿಕದಲ್ಲಿ ಆರ್ಥಿಕ ಹಿಂಜರಿತ ಇದ್ದ ವರ್ಷ!

ಹೆಂಗಸರಿಗೆ ಇದು ಅರ್ಥವಾಗದೇ ಇರಲಿಲ್ಲ. ನ್ಯೂಯಾರ್ಕಿನಲ್ಲಿ 'ಗ್ಯಾಮ್ಸ್' ಅನ್ನೋ ಗುಂಪು ಕಟ್ಟಿದರು. ಅಂದರೆ ಇನ್ನಷ್ಟು ಸ್ಕರ್ಟ್ ಬೇಡ ಅನ್ನೋ ಹುಡುಗಿಯರು. ಆ ಪದಕ್ಕೆ ಆಡುಮಾತಲ್ಲಿ 'ಕಾಲು' ಅಂತಲೂ ಅರ್ಥ, ಎಂಥಾ ತಲೆ ನೋಡಿ. ಇನ್ನೊಂದು ಗುಂಪು 'ಫ್ಯಾಡ್', ಹುಕುಂ ಹೊರಡಿಸೋ ಡಿಸೈನರ್‌ಗಳ ವಿರುದ್ಧ. ಎಷ್ಟೋ ಜನ ಗಲಾಟೆಯನ್ನೂ ಮಾಡಲಿಲ್ಲ, ಕೊಳ್ಳಲಿಲ್ಲ ಅಷ್ಟೇ. ಸ್ಕರ್ಟಿನ ಉಸಾಬರಿಯೇ ಬೇಡ ಅಂತ ಪ್ಯಾಂಟಿಗೆ ಹೋದರು. ಮಿಡಿ ಅಂಗಡಿಗಳಲ್ಲೇ ಉಳೀತು, ಡೆಡ್ ಸ್ಟಾಕು. 1971ರಲ್ಲಿ ಫ್ಯಾಷನ್ ಆಗಿದ್ದು ಏನು ಗೊತ್ತಾ? ಹಾಟ್ ಪ್ಯಾಂಟ್ಸ್! ತಮಾಷೆ ಅಂದ್ರೆ, ಎಪ್ಪತ್ತರ ದಶಕದ ನಡುವೆ ಅದೇ ಮೀನಖಂಡದ ಉದ್ದ ಸದ್ದಿಲ್ಲದೆ ವಾಪಸ್ ಬಂತು. ಆಗ ಯಾರೂ ಬೈಯಲಿಲ್ಲ.

ಇನ್ನು ನನ್ನ ನೈಟಿ ಪ್ರಾಬ್ಲಂ. ಮಿಡಿ ವಯಸ್ಸಾದವರ ಥರ ಕಾಣಿಸತ್ತೆ ಅನ್ನೋದು 1970ರಲ್ಲೂ ಇದ್ದ ದೂರು. ಅಂಚು ಮೀನಖಂಡದ ದಪ್ಪ ಜಾಗದಲ್ಲೇ ನಿಂತರೆ ಕಣ್ಣೂ ಅಲ್ಲೇ ನಿಲ್ಲತ್ತೆ, ಕಾಲು ಗಿಡ್ಡ ಕಾಣತ್ತೆ. ಅಲ್ಲಿಂದ ಎರಡು ಬೆರಳು ಕೆಳಗೆ, ಕಾಲು ಸಣ್ಣ ಆಗೋ ಕಡೆ ಬರಲಿ, ಇಲ್ಲವೇ ಮೊಣಕಾಲಿನ ಹತ್ತಿರಕ್ಕೆ ಏರಲಿ. ಸೊಂಟಕ್ಕೊಂದು ಬೆಲ್ಟ್, ಪಾದದ ಮೇಲ್ಭಾಗ ಕಾಣೋ ಚಪ್ಪಲಿ ಇದ್ದರೆ ಇನ್ನೂ ವಾಸಿ. ಮಾಡೆಲ್ ನನಗಿಂತ ಉದ್ದ ಇದ್ದಾಳೆ ಅಷ್ಟೇ, ಅದೇ ಬಟ್ಟೆ ಅವಳ ಮೇಲೆ ಬೇರೆ ಜಾಗದಲ್ಲಿ ನಿಲ್ಲತ್ತೆ.

ಮೊನ್ನೆ ಟೈಲರ್ ಹತ್ರ ತಗೊಂಡು ಹೋದೆ. ಅವರು ಅಳತೆ ನೋಡಿ ಕತ್ತರಿ ಕೈಗೆತ್ತಿಕೊಂಡರು. ಅಯ್ಯೋ, ಕತ್ತರಿಸ್ಬೇಡಿ ಅಣ್ಣಾ, ಒಳಗೆ ಮಡಿಸಿ ಹೊಲೀರಿ ಅಂದೆ.