ಇಳಕಲ್ಲಿನ ಆಚೆಗಿದ್ದ ಗಡಿ

ವಿಜಾಪುರದಿಂದ ಸೊಲ್ಲಾಪುರಕ್ಕೆ ಹೋಗುವಾಗ ಧೂಳಖೇಡವನ್ನು ದಾಟಿ ಭೀಮಾ ನದಿಯ ಸೇತುವೆ ಏರಿದರೆ ಕರ್ನಾಟಕ ಮುಗಿದು ಮಹಾರಾಷ್ಟ್ರ ಬರುತ್ತದೆ. ಇಂಥ ಎಡೆಗಳಲ್ಲಿ ಹೋಗುವವರಿಗೆ ವಂದನೆ, ಬರುವವರಿಗೆ ಸುಸ್ವಾಗತ ಹೇಳುವ ಫಲಕಗಳನ್ನು ನಿಲ್ಲಿಸುವುದು ವಾಡಿಕೆ. ನಾಡಿನ ಅಭಿಮಾನಿಗಳು ಹಳದಿ-ಕೆಂಪು ಬಾವುಟವನ್ನೂ ಕಟ್ಟುತ್ತಾರೆ. ಆದರೆ ಹಿಂದೆ ೧೩ನೆಯ ರಾಷ್ಟ್ರೀಯ ಹೆದ್ದಾರಿಯೆನಿಸಿದ್ದ ಅದೇ ದಾರಿಯಲ್ಲಿ ದಕ್ಷಿಣಕ್ಕೆ ತಿರುಗಿ, ಹುನಗುಂದ, ಇಳಕಲ್ಲುಗಳನ್ನು ಹಾಯ್ದು ಕುಷ್ಟಗಿಯ ಕಡೆ ಸಾಗಿದರೆ ಇನ್ನೊಂದು ಗೆರೆಯನ್ನು ದಾಟುತ್ತೇವೆ. ಅಲ್ಲೀಗ ಬದಲಾಗುವುದು ಜಿಲ್ಲೆಯ ಹೆಸರು ಮಾತ್ರ. ೧೯೫೬ರವರೆಗೆ ಮಾತ್ರ ಅದು ಎರಡು ರಾಜ್ಯಗಳ ನಡುವಣ ಗಡಿ. ಅದರ ಕಥೆಯನ್ನು ವಾಚಕರ ಮುಂದಿಡುವುದು ನನ್ನ ಉದ್ದೇಶ.

ಧ್ವಜ, ಲಾಂಛನಗಳು ಈ ಸೀಮೆಗೆ ಹೊಸವಲ್ಲ. ಬಾದಾಮಿಯ ಚಾಲುಕ್ಯರ ಶಾಸನಗಳು ತಮ್ಮ ಅರಸರ ವರಾಹಲಾಂಛನವನ್ನೂ ಅವರು ಗೆದ್ದು ತಂದ ಪಾಳಿಧ್ವಜವನ್ನೂ ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ಆದರೆ ನಾನು ಹೇಳುತ್ತಿರುವ ಗಡಿ ಬಹಳ ಈಚಿನದು. ೧೮೧೮ರಲ್ಲಿ ಮನ್ರೋ ಸಾಹೇಬನು ಪೇಶ್ವೆಯ ಕಡೆಯವರಿಂದ ಬಾದಾಮಿ, ಬಾಗಲಕೋಟೆಗಳನ್ನು ಹಿಡಿದ ಮೇಲೆ ಇಳಕಲ್ಲಿನ ಪಶ್ಚಿಮಕ್ಕೆ ಕಂಪನಿ ಸರಕಾರ, ಪೂರ್ವಕ್ಕೆ ನಿಜಾಮನ ಸರಕಾರ ಎಂದಾಯಿತು. ನಮ್ಮ ಕಡೆಯ ಜನ ಆಚೆಯ ಸೀಮೆಯನ್ನು ‘ಮೊಗಲಾಯಿ’ ಎಂದು ಕರೆದರು. ೧೮೪೦ರ ಸುಮಾರಿಗೆ ನರಸಿಂಗರಾವ್ ಎಂಬ ಕಣ್ಣಿಲ್ಲದ ಬ್ರಾಹ್ಮಣನೊಬ್ಬನ ಮುಂದಾಳುತನದಲ್ಲಿ ಅರಬರ ಚಿಕ್ಕ ದಂಡೊಂದು ಮೊಗಲಾಯಿಯಿಂದ ಬಂದು ಬಾದಾಮಿಯನ್ನೇ ಹಿಡಿದುಬಿಟ್ಟಿತು! ಧಾರವಾಡದಿಂದ ಇಂಗ್ಲಿಷರ ಸೈನ್ಯ ಬಂದು ಅದನ್ನು ಬಿಡಿಸಿಕೊಂಡಿತು.

ಮುಂದೆ ಗಡಿ ದಾಟಲು ದಂಡು ಬೇಕಾಗಲಿಲ್ಲ; ಆದರೆ ಸುಂಕ ಬೇಕಾಗುತ್ತಿತ್ತು. ನಿಜಾಮ ಸರಕಾರದ ಸುಂಕದ ಇಲಾಖೆಗೆ ‘ಕರೋಡಗಿರಿ’ ಎಂದು ಹೆಸರು. ೧೮೦೨ರ ಒಪ್ಪಂದದ ಪ್ರಕಾರ ಗಡಿ ದಾಟುವ ಸರಕಿಗೆ ನೂರಕ್ಕೆ ಐದರಂತೆ ಸುಂಕ. ಇಳಕಲ್ಲಿನ ಸೀರೆಯ ಗಂಟು ಕುಷ್ಟಗಿಯ ಸಂತೆಗೆ ಹೋಗುವುದೆಂದರೆ ಪರದೇಶಕ್ಕೆ ಹೋದಂತೆಯೇ ಸರಿ. ಈಚೆ ಕಲದಾರ ರೂಪಾಯಿ, ಆಚೆ ಹಾಲಿ ಸಿಕ್ಕಾ. ಹಾಲಿಯ ಏಳು ರೂಪಾಯಿಗೆ ಇಲ್ಲಿಯ ಆರು. ಈಚೆ ಇಸವಿ, ಆಚೆ ಫಸಲಿ ವರ್ಷ. ಈಚೆ ಯೂನಿಯನ್ ಜ್ಯಾಕ್. ಆಚೆ ನಡುವೆ ಬಿಳಿಯ ವೃತ್ತವಿದ್ದ ಹಳದಿ ಬಾವುಟ. ನಮ್ಮಜ್ಜಿಯ ತವರು ಕುಷ್ಟಗಿ ಸೀಮೆ, ಗಂಡನ ಮನೆ ಇಳಕಲ್ಲು. ತವರಿಗೆ ಹೊರಟಾಗ ಸೆರಗಿನಲ್ಲಿ ಎರಡು ಗಂಟು ಹಾಕಿ, ಒಂದರಲ್ಲಿ ಕಲದಾರ, ಇನ್ನೊಂದರಲ್ಲಿ ಹಾಲಿ ಕಟ್ಟಿಕೊಳ್ಳುತ್ತಿದ್ದಳಂತೆ. ಎರಡೂ ಕಡೆ ಆಕೆ ಆಡಿದ ಮಾತು ಒಂದೇ ಕನ್ನಡ.

ಈ ಗೆರೆ ಹಾಯ್ದುಹೋದದ್ದಾದರೂ ಎಂಥ ನೆಲದಲ್ಲಿ? ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡನ್ನು ಗುರುತಿಸಲು ನಾಲ್ಕು ಊರುಗಳನ್ನು ಹೆಸರಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಕಿಸುವೊಳಲೆಂದರೆ ಬಾದಾಮಿಯ ಮಗ್ಗುಲಿನ ಪಟ್ಟದಕಲ್ಲು; ಅದೂ ಒಕ್ಕುಂದವೂ ಮುಂಬಯಿ ಪ್ರಾಂತಕ್ಕೆ ಸೇರಿದವು. ಪುಲಿಗೆರೆ, ಎಂದರೆ ಲಕ್ಷ್ಮೇಶ್ವರ, ಮಿರಜ ಸಂಸ್ಥಾನಕ್ಕೆ ಹೋಯಿತು. ಕೊಪಣ, ಎಂದರೆ ಕೊಪ್ಪಳ, ನಿಜಾಮನ ಆಳಿಕೆಯಲ್ಲಿ ಸಾಲಾರಜಂಗರ ಜಹಗೀರಾಯಿತು. ಕನ್ನಡದ ತಿರುಳೇ ಮೂರು ಪಾಲಾಗಿತ್ತು!

೧೯೪೭ರ ಆಗಸ್ಟ್ ೧೫ರಂದು ಹುನಗುಂದ, ಇಳಕಲ್ಲುಗಳು ಸ್ವತಂತ್ರ ಭಾರತಕ್ಕೆ ಸೇರಿದವು, ಕುಷ್ಟಗಿ ಸೇರಲಿಲ್ಲ. ನಿಜಾಮನು ಒಪ್ಪದೆ ಕುಳಿತಿದ್ದ. ರಜಾಕಾರರ ಹಾವಳಿಗೆ ಬೆದರಿ ಅನೇಕ ಕುಟುಂಬಗಳು ಗಡಿಯ ಈಚೆಗೆ ಬಂದವು. ಹೈದರಾಬಾದ್ ವಿಮೋಚನೆಗಾಗಿ ಗಡಿಯುದ್ದಕ್ಕೂ ಶಿಬಿರಗಳು ಎದ್ದವು. ಮುಂಡರಗಿಯ ಶಿಬಿರಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿಗಳೂ ಗಜೇಂದ್ರಗಡದ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆಯವರೂ ನಾಯಕರು. ೧೯೪೮ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ನಡೆದ ಮೇಲೆ ನಿಜಾಮ ಶರಣಾದ. ಹದಿಮೂರು ತಿಂಗಳು ಕಾದು ಆಚೆಯ ಹಳ್ಳಿಗಳು ತ್ರಿವರ್ಣವನ್ನು ಕಂಡವು. ೧೯೫೬ರ ನವೆಂಬರ್ ೧ರಂದು ಏಕೀಕರಣವಾಗಿ, ಗಡಿಯು ವಿಜಾಪುರ ಮತ್ತು ರಾಯಚೂರು ಜಿಲ್ಲೆಗಳ ಎಲ್ಲೆಯಾಗಿ ಇಳಿಯಿತು. ಈಗ ಅದು ಬಾಗಲಕೋಟೆ, ಕೊಪ್ಪಳಗಳ ಎಲ್ಲೆ.

ಹಾಗಾದರೆ ಗಡಿ ಅಳಿಯಿತೇ? ನಾಕೆ ಹೋಯಿತು, ನಾಣ್ಯ ಹೋಯಿತು, ಬಾವುಟ ಇಳಿಯಿತು. ಆದರೆ ೨೦೧೨ರ ೯೮ನೆಯ ತಿದ್ದುಪಡಿಯಿಂದ ನಮ್ಮ ಸಂವಿಧಾನಕ್ಕೆ ೩೭೧ಜೆ ಎಂಬ ವಿಧಿ ಸೇರಿದೆ. ಅದರಂತೆ ಹಳೆಯ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳವರಿಗೆ ಶಿಕ್ಷಣದಲ್ಲಿ, ನೌಕರಿಯಲ್ಲಿ ಮೀಸಲು ಉಂಟು. ಕುಷ್ಟಗಿಯ ಹುಡುಗನಿಗೆ ಅದು ಸಿಕ್ಕುತ್ತದೆ, ಇಳಕಲ್ಲಿನ ಹುಡುಗನಿಗಿಲ್ಲ. ನಮ್ಮ ಕಡೆಯ ಕೆಲವರು ಇದನ್ನು ಕಂಡು ಗೊಣಗುವುದುಂಟು. ನಾನು ಗೊಣಗಲಾರೆ. ಕನ್ನಡ ಮಾತಿನ ಮಕ್ಕಳು ಉರ್ದುವಿನಲ್ಲಿ ಸರಕಾರ ನಡೆಯುವ ರಾಜ್ಯದಲ್ಲಿ ತಲೆಮಾರುಗಟ್ಟಲೆ ಹಿಂದೆ ಬಿದ್ದದ್ದಕ್ಕೆ ಇದು ತಡವಾಗಿ ಸಂದ ಬಾಕಿ. ೨೦೧೯ರಲ್ಲಿ ಆ ಭಾಗಕ್ಕೆ ಕಲ್ಯಾಣ ಕರ್ನಾಟಕವೆಂದು ಹೊಸ ಹೆಸರಿಟ್ಟರು, ಒಳ್ಳೆಯದೇ. ಆದರೆ ಗಡಿಯ ಫಲಕವನ್ನು ಒಂದು ದಿನದಲ್ಲಿ ಕೀಳಬಹುದು, ಗಡಿ ಮಾಡಿದ ಕೆಲಸವನ್ನು ಅಳಿಸಲು ಅರವತ್ತು ವರ್ಷವೂ ಸಾಲದು.

ಭೀಮೆಯ ಆಚೆಗೂ ಕನ್ನಡ ಮನೆಗಳಿವೆ, ಈಚೆಗೂ ಮರಾಠಿ ಮನೆಗಳಿವೆ. ಗಡಿಯ ತಂಟೆ ಕಾವೇರಿದಾಗಲೆಲ್ಲ ಫಲಕಗಳಿಗೆ ಮಸಿ ಬೀಳುತ್ತದೆ, ಬಸ್ಸುಗಳು ನಿಲ್ಲುತ್ತವೆ. ಬೀಗರ ಊರಿಗೆ ಹೊರಟವರು ನಿಲ್ದಾಣದಲ್ಲಿ ಉಳಿಯುತ್ತಾರೆ. ಮಸಿ ಬಳಿಯುವವರನ್ನು ಒಮ್ಮೆ ಇಳಕಲ್ಲು-ಕುಷ್ಟಗಿ ದಾರಿಗೆ ಕರೆತರಬೇಕು ಎನಿಸುತ್ತದೆ. ಆ ಎಲ್ಲೆಯಲ್ಲಿ ನಮ್ಮ ಇಳಕಲ್ಲಿನ ಕೆಂಪು ಕಲ್ಲನ್ನೇ ನೆಟ್ಟು, ‘೧೯೫೬ರವರೆಗೆ ಇಲ್ಲಿ ಒಂದು ಗಡಿ ಇತ್ತು’ ಎಂದು ಕೆತ್ತಿಸಿದರೆ ಸಾಕು. ಸುಸ್ವಾಗತದ ಕಮಾನಿಗಿಂತ ಅದಕ್ಕೆ ಖರ್ಚೂ ಕಡಿಮೆ.