ಹಿಡಿದ ಮೀನನ್ನು ಬಿಡಬೇಕೆ? – ಬಿವಾ ಸರೋವರದ ಕಥೆ

ಗಾಳ ಹಾಕಿ ಹಿಡಿದ ಮೀನನ್ನು ಗಾಯವಾಗದಂತೆ ಬಿಡಿಸಿ ಮತ್ತೆ ನೀರಿಗೆ ಬಿಡುವುದು ಒಳ್ಳೆಯ ಕೆಲಸವೇ? 'ಇದರಲ್ಲಿ ಕೇಳುವುದೇನಿದೆ, ಒಂದು ಜೀವ ಉಳಿಯಿತಲ್ಲ' ಎಂದು ಬಹುಮಂದಿ ಉತ್ತರಿಸಿಯಾರು. ಅಮೆರಿಕದಲ್ಲಿ ಬಾಸ್ ಎಂಬ ಮೀನನ್ನು ಹಿಡಿಯುವ ಹವ್ಯಾಸಿಗಳೂ ಹಾಗೆಯೇ ಹೇಳುತ್ತಾರೆ. ಆದರೆ ಜಪಾನಿನ ಬಿವಾ ಸರೋವರದಲ್ಲಿ ಅದೇ ಬಾಸ್ ಮೀನನ್ನು ಹಿಡಿದು ಮತ್ತೆ ಅದೇ ನೀರಿಗೆ ಬಿಟ್ಟರೆ ಅದು ನಿಯಮಭಂಗ. 2003ರ ಏಪ್ರಿಲ್ ತಿಂಗಳಿನಿಂದ ಅಲ್ಲಿ ಈ ನಿಷೇಧ ಜಾರಿಯಲ್ಲಿದೆ. ಒಂದೇ ಮೀನು, ಒಂದೇ ಕೆಲಸ. ಒಂದು ದೇಶದಲ್ಲಿ ಅದು ಸದ್ಗುಣ, ಇನ್ನೊಂದು ದೇಶದ ಸರೋವರದಲ್ಲಿ ತಪ್ಪು. ಇದು ಹೇಗಾಯಿತು ಎಂಬುದನ್ನು ತಿಳಿಯಲು ನಾವು ಸುಮಾರು ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕು. ಅದಕ್ಕೂ ಮೊದಲು ಆ ಮೀನಿನ ಪರಿಚಯ ಮಾಡಿಕೊಳ್ಳೋಣ.

ತಂದೆ ಕಾಯುವ ಗೂಡು

ಲಾರ್ಜ್‌ಮೌತ್ ಬಾಸ್, ಅಂದರೆ ದೊಡ್ಡಬಾಯಿಯ ಬಾಸ್, ಉತ್ತರ ಅಮೆರಿಕದ ಪೂರ್ವ ಮತ್ತು ಮಧ್ಯ ಭಾಗದ ಸಿಹಿನೀರಿನ ಮೀನು. ಹಸಿರು ಮೈ, ಪಕ್ಕದಲ್ಲಿ ಕಪ್ಪು ಪಟ್ಟೆ, ಹೆಸರಿಗೆ ತಕ್ಕ ಬಾಯಿ. ಸಣ್ಣ ಮೀನು, ಸಿಗಡಿ, ಕಪ್ಪೆ, ಹೀಗೆ ಬಾಯಿಗೆ ಹಿಡಿಸುವ ಯಾವುದನ್ನೂ ಅದು ಬಿಡುವುದಿಲ್ಲ. ಗಾಳಕ್ಕೆ ಸಿಕ್ಕಾಗ ನೀರಿನಿಂದ ಮೇಲಕ್ಕೆ ನೆಗೆದು ತಲೆ ಕೊಡವುತ್ತದೆ. ಹವ್ಯಾಸಿ ಮೀನುಗಾರರಿಗೆ ಅದರ ಮೇಲಿರುವ ಮೋಹಕ್ಕೆ ಇದೇ ಮುಖ್ಯ ಕಾರಣ.

ಚಳಿಗಾಲವನ್ನು ಆಳದಲ್ಲಿ ಕಳೆಯುವ ಈ ಮೀನು ವಸಂತದಲ್ಲಿ ನೀರಿನ ಉಷ್ಣತೆ ಸುಮಾರು 15-16 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ದಡದ ಸಮೀಪಕ್ಕೆ ಬರುತ್ತದೆ. ಗಂಡು ಬಾಸ್ ತನ್ನ ಬಾಲದಿಂದ ತಳವನ್ನು ಗುಡಿಸಿ, ತಟ್ಟೆಯಂತಹ ತಗ್ಗು ಮಾಡುತ್ತದೆ. ಹೆಣ್ಣು ಬಂದು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಕಾಯುವ ಕೆಲಸ ತಂದೆಯದು. ಅದು ಮೊಟ್ಟೆಗಳ ಮೇಲೆ ರೆಕ್ಕೆಯಾಡಿಸಿ ಹೊಸ ನೀರು ಹಾಯಿಸುತ್ತದೆ, ಹತ್ತಿರ ಬಂದವರನ್ನೆಲ್ಲ ಅಟ್ಟುತ್ತದೆ, ಮರಿಗಳು ಒಡೆದು ಬಂದ ಮೇಲೂ ಕೆಲವು ದಿನ ಅವುಗಳ ಹಿಂಡಿನೊಡನೆ ತಿರುಗುತ್ತದೆ. ನಮ್ಮ ಕೆರೆಗಳ ಕೊರವ ಮೀನು ಮರಿಗಳನ್ನು ಕಾಯುವುದನ್ನು ಕಂಡವರಿಗೆ ಈ ದೃಶ್ಯ ಹೊಸದಾಗಿ ತೋರದು.

ಕಾವಲಿನಲ್ಲಿರುವ ಈ ತಂದೆ ತನ್ನ ಗೂಡಿನ ಮೇಲೆ ಬಿದ್ದ ಏನನ್ನೇ ಆಗಲಿ ಬಾಯಿಂದ ಕಚ್ಚಿ ದೂರ ಒಯ್ಯಲು ನೋಡುತ್ತದೆ. ಹಸಿವಿನಿಂದಲ್ಲ, ಸಿಟ್ಟಿನಿಂದ. ವಸಂತದಲ್ಲಿ ಬಾಸ್ ಸುಲಭವಾಗಿ ಗಾಳಕ್ಕೆ ಸಿಗುವ ಗುಟ್ಟು ಇದು. ಅದು ಗೂಡು ಬಿಟ್ಟ ಕೆಲವೇ ನಿಮಿಷಗಳಲ್ಲಿ ಸುತ್ತಲಿನ ಬ್ಲೂಗಿಲ್ ಮೊದಲಾದ ಸಣ್ಣ ಮೀನುಗಳು ಮೊಟ್ಟೆಗಳ ಮೇಲೆ ಮುಗಿಬೀಳುತ್ತವೆ. ಆದ್ದರಿಂದಲೇ ಬಾಸ್‌ನ ತವರಿನ ಚಳಿ ಪ್ರದೇಶಗಳಲ್ಲಿ, ಉದಾಹರಣೆಗೆ ಕೆನಡಾದ ದಕ್ಷಿಣ ಆಂಟೇರಿಯೊದ ಹಲವೆಡೆ, ಜೂನ್ ತಿಂಗಳ ಉತ್ತರಾರ್ಧದವರೆಗೆ ಬಾಸ್ ಹಿಡಿಯಬಾರದೆಂಬ ನಿಯಮ ದೀರ್ಘಕಾಲ ನಡೆದುಬಂದಿತು.

ರೈಲು ಹತ್ತಿದ ಮೀನು

19ನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿ ರೈಲುಮಾರ್ಗಗಳು ಹಬ್ಬಿದವು. ಜೀವಂತ ಮೀನುಗಳನ್ನು ನೀರು ತುಂಬಿದ ಪಾತ್ರೆಗಳಲ್ಲಿಟ್ಟು ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗಿಸುವುದು ಸಾಧ್ಯವಾಯಿತು. 1871ರಲ್ಲಿ ಸ್ಥಾಪನೆಯಾದ ಮೀನುಗಾರಿಕಾ ಆಯೋಗ ಈ ಕೆಲಸವನ್ನು ಸರ್ಕಾರದ ಕಾರ್ಯಕ್ರಮವನ್ನಾಗಿಯೇ ಮಾಡಿತು. 1881ರಲ್ಲಿ ಜೇಮ್ಸ್ ಹೆನ್ಶಾಲ್ ಎಂಬ ವೈದ್ಯರು ಬಾಸ್ ಮೀನಿನ ಬಗ್ಗೆಯೇ ಒಂದು ದೊಡ್ಡ ಗ್ರಂಥ ಬರೆದು ಅದಕ್ಕೆ ಗೌರವದ ಸ್ಥಾನ ದೊರಕಿಸಿದರು. ಆ ಶತಮಾನ ಮುಗಿಯುವ ಮುನ್ನ ಬಾಸ್, ತನಗೆ ನೆಲೆಯೇ ಇಲ್ಲದಿದ್ದ ಪಶ್ಚಿಮ ಕರಾವಳಿಯ ಕ್ಯಾಲಿಫೋರ್ನಿಯವನ್ನೂ ಮುಟ್ಟಿತು.

20ನೆಯ ಶತಮಾನದಲ್ಲಿ ಬಾಸ್ ಬೇಟೆ ದೊಡ್ಡ ಕ್ರೀಡೆಯಾಯಿತು. 1968ರಲ್ಲಿ ರೇ ಸ್ಕಾಟ್ ಎಂಬುವರು ಬಾಸ್ ಮೀನುಗಾರರ ಸಂಘವೊಂದನ್ನು ಕಟ್ಟಿ ಸ್ಪರ್ಧೆಗಳನ್ನು ನಡೆಸಿದರು. ಸ್ಪರ್ಧೆ ಮುಗಿದಾಗ ರಾಶಿರಾಶಿ ಸತ್ತ ಮೀನು ಬೀಳುವುದನ್ನು ಜನ ಮೆಚ್ಚಲಿಲ್ಲ. 1972ರಿಂದ ಅವರು 'ಹಿಡಿದದ್ದನ್ನು ಕೊಲ್ಲಬೇಡಿ' ಎಂಬ ಪ್ರಚಾರ ಕೈಗೊಂಡರು. ಜೀವಂತವಾಗಿ ತೂಗಿ, ಜೀವಂತವಾಗಿ ಬಿಡುವ ಪದ್ಧತಿ ಬೇರೂರಿತು. ಮೀನಿನ ತವರಿನಲ್ಲಿ ಇದು ಸಹಜವಾದ, ವಿವೇಕದ ನಡೆ. ಹಿಡಿದು ಬಿಡುವ ಈ ನೀತಿಯೂ ಮುಂದೆ ಗಾಳ, ದಾರ, ಹುಸಿ ಎರೆಗಳೊಂದಿಗೆ ಸಾಗರ ದಾಟಿತು.

ಆಶಿ ಸರೋವರದಿಂದ ಬಿವಾ ಸರೋವರಕ್ಕೆ

ಜಪಾನಿಗೆ ಬಾಸ್ ಬಂದದ್ದು 1925ರಲ್ಲಿ. ಅಮೆರಿಕದಲ್ಲಿ ಓದಿ ಬಂದಿದ್ದ ಅಕಾಬೋಶಿ ತೆತ್ಸುಮಾ ಎಂಬ ಉದ್ಯಮಿ ಕ್ಯಾಲಿಫೋರ್ನಿಯದಿಂದ ಮೀನುಗಳನ್ನು ತರಿಸಿ ಹಕೋನೆ ಬೆಟ್ಟಗಳ ನಡುವಿನ ಆಶಿ ಸರೋವರಕ್ಕೆ ಬಿಟ್ಟರು. ತಿನ್ನಲು ರುಚಿ, ಹಿಡಿಯಲು ಆನಂದ ಎಂಬುದು ಅವರ ಆಶಯ. ಆಶಿ ಜ್ವಾಲಾಮುಖಿಯ ಬಾಯಿಯಲ್ಲಿ ನಿಂತ ನೀರು. ಸುತ್ತಲೂ ಬೆಟ್ಟಗಳಿರುವಾಗ ಮೀನು ಬೇರೆಡೆ ಹಬ್ಬಲಾರದು ಎಂಬ ಎಣಿಕೆಯೂ ಈ ಆಯ್ಕೆಯ ಹಿಂದೆ ಇತ್ತು. ಮೀನಿನ ಮಟ್ಟಿಗೆ ಈ ಎಣಿಕೆ ತಪ್ಪೇನಲ್ಲ. ಮೀನು ತಾನಾಗಿ ಬೆಟ್ಟ ಹತ್ತುವುದಿಲ್ಲ, ಹತ್ತಿಸುವವರು ಮನುಷ್ಯರು.

1970ರ ದಶಕದಲ್ಲಿ ಹುಸಿ ಎರೆಯಿಂದ ಮೀನು ಹಿಡಿಯುವ ಹವ್ಯಾಸ ಜಪಾನಿನ ಯುವಜನರಲ್ಲಿ ಹಬ್ಬಿತು. ಅದರ ಬೆನ್ನಲ್ಲೇ ಬಾಸ್ ಕೆರೆಯಿಂದ ಕೆರೆಗೆ ಕಾಣಿಸಿಕೊಂಡಿತು. ಬಿವಾ ಸರೋವರದಲ್ಲಿ ಅದು ಮೊದಲು ಪತ್ತೆಯಾದದ್ದು 1974ರಲ್ಲಿ, ಹಿಕೋನೆ ನಗರದ ದಡದಲ್ಲಿ. 1980ರ ದಶಕದಲ್ಲಿ ಅದರ ಸಂಖ್ಯೆ ಒಮ್ಮೆಗೇ ಏರಿತು. ಗುಟ್ಟಾಗಿ ತಂದು ಬಿಡುವ ಕೆಲಸ ಆಮೇಲೂ ನಿಲ್ಲಲಿಲ್ಲ. ಹೆಚ್ಚು ದೊಡ್ಡದಾಗಿ ಬೆಳೆಯುವ ಫ್ಲಾರಿಡಾ ತಳಿಯ ಬಾಸ್ ಅನ್ನು 1988ರಲ್ಲಿ ನಾರಾ ಪ್ರಾಂತ್ಯದ ಇಕೆಹಾರಾ ಜಲಾಶಯಕ್ಕೆ ಬಿಡಲಾಗಿತ್ತು. ಮುಂದೆ ಆ ತಳಿಯ ಗುರುತು ಬಿವಾ ಬಾಸ್‌ಗಳ ಡಿಎನ್‌ಎಯಲ್ಲೂ ಸಿಕ್ಕಿತು.

ಹಳೆಯ ಸರೋವರ, ಹಳೆಯ ಮೀನು

ಬಿವಾ ಸಾಮಾನ್ಯ ಸರೋವರವಲ್ಲ. ಕ್ಯೋಟೊ ನಗರದ ಪಕ್ಕದ ಶಿಗಾ ಪ್ರಾಂತ್ಯದಲ್ಲಿ ಸುಮಾರು 670 ಚದರ ಕಿಲೋಮೀಟರ್ ಹರಡಿರುವ ಇದು ಜಪಾನಿನಲ್ಲೇ ಅತಿ ದೊಡ್ಡದು. ಇದರ ಮೂಲ ಸುಮಾರು 40 ಲಕ್ಷ ವರ್ಷಗಳಷ್ಟು ಹಿಂದಿನದು. ಬಹುಪಾಲು ಸರೋವರಗಳು ಇಷ್ಟು ಕಾಲ ಉಳಿಯದೆ ಹೂಳು ತುಂಬಿ ಮುಚ್ಚಿಹೋಗುತ್ತವೆ. ಇಷ್ಟು ದೀರ್ಘಕಾಲ ಉಳಿದ ನೀರಿನಲ್ಲಿ ವಿಕಾಸದ ಗಡಿಯಾರ ತನ್ನದೇ ಗತಿಯಲ್ಲಿ ನಡೆಯುತ್ತದೆ. ಬೇರೆಲ್ಲೂ ಇಲ್ಲದ 60ಕ್ಕೂ ಹೆಚ್ಚು ಬಗೆಯ ಜೀವಿಗಳು ಇಲ್ಲಿವೆ.

ಅವುಗಳಲ್ಲೊಂದು ಗೆಂಡೆಯ ಕುಟುಂಬಕ್ಕೆ ಸೇರಿದ ನಿಗೊರೊಬುನ. ಮೊಟ್ಟೆ ತುಂಬಿದ ಈ ಮೀನನ್ನು ವಸಂತದಲ್ಲಿ ಹಿಡಿದು ಮೊದಲು ಉಪ್ಪಿನಲ್ಲಿ, ಅನಂತರ ಅನ್ನದಲ್ಲಿ ಹುದುಗಿಸಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಇಡುತ್ತಾರೆ. ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಾಗಳ ಬಳಗವೇ ಇಲ್ಲಿಯೂ ಲ್ಯಾಕ್ಟಿಕ್ ಆಮ್ಲ ಉತ್ಪಾದಿಸಿ ಮೀನು ಕೊಳೆಯದಂತೆ ಕಾಪಾಡುತ್ತದೆ. ಇದರ ಹೆಸರು ಫುನಾಜುಶಿ. ಇಂದು ಜಗತ್ತೇ ಬಲ್ಲ ಸುಶಿ ತಿನಿಸಿನ ಪುರಾತನ ರೂಪ ಇದರಲ್ಲಿ ಉಳಿದುಕೊಂಡಿದೆ.

ಈಗ ಎರಡು ಮೀನುಗಳ ವಸಂತವನ್ನು ಹೋಲಿಸಿ ನೋಡೋಣ. ನಿಗೊರೊಬುನ ಕೂಡ ವಸಂತದಲ್ಲೇ ದಡದ ಜೊಂಡಿಗೆ ಬರುತ್ತದೆ; ಮಳೆ ಬಿದ್ದು ನೀರು ಏರಿದಾಗ ಪಕ್ಕದ ಭತ್ತದ ಗದ್ದೆಗಳಿಗೂ ನುಗ್ಗುತ್ತದೆ. ಗಿಡಗಳಿಗೆ ಮೊಟ್ಟೆ ಅಂಟಿಸಿ ಹೊರಟುಹೋಗುತ್ತದೆ. ಕಾಯುವವರು ಯಾರೂ ಇಲ್ಲ. ಬಾಸ್ ತನ್ನ ಸಂತತಿಯನ್ನು ತಂದೆಯ ಕಾವಲಿಗೆ ಒಪ್ಪಿಸಿದರೆ, ನಿಗೊರೊಬುನ ತನ್ನ ಸಂತತಿಯನ್ನು ಸ್ಥಳಕ್ಕೇ ಒಪ್ಪಿಸುತ್ತದೆ. ಬಿವಾದಲ್ಲಿ ಬೇಟೆಗಾರ ಮೀನುಗಳು ಇರಲಿಲ್ಲವೆಂದಲ್ಲ. ಅಲ್ಲಿಯದೇ ಆದ ಬೃಹತ್ ಮೀಸೆಮೀನು ಇದೆ. ಆದರೆ ಅದರೊಡನೆ ಇವು ಲಕ್ಷಾಂತರ ವರ್ಷ ಬಾಳಿ ಒಂದು ಸಮತೋಲ ಕಂಡುಕೊಂಡಿದ್ದವು. ಅದೇ ಜೊಂಡಿಗೆ ಬಾಸ್ ಬಂದಾಗ, ಕಾವಲಿಲ್ಲದ ಮರಿಗಳು ಹೊಸಬನ ಆಹಾರವಾದವು.

ಒಂದು ರಾಜ ಉಡುಗೊರೆ

ಬಾಸ್ ಒಂಟಿಯಾಗಿಯೂ ಇರಲಿಲ್ಲ. 1960ರಲ್ಲಿ ಅಮೆರಿಕ ಪ್ರವಾಸದಲ್ಲಿದ್ದ ಜಪಾನಿನ ಯುವರಾಜ ಅಕಿಹಿಟೊ ಅವರಿಗೆ ಷಿಕಾಗೊ ನಗರದ ಮೇಯರ್ ಬ್ಲೂಗಿಲ್ ಮೀನುಗಳನ್ನು ಉಡುಗೊರೆಯಾಗಿ ಕೊಟ್ಟರು. ಸ್ವತಃ ಮೀನುಗಳ ವಿಜ್ಞಾನಿಯಾಗಿದ್ದ ಯುವರಾಜರು ಅವನ್ನು ಸರ್ಕಾರದ ಸಂಶೋಧನಾ ಕೇಂದ್ರಕ್ಕೆ ಒಪ್ಪಿಸಿದರು. ಆಹಾರಕ್ಕಾಗಿ ಸಾಕಬಹುದೆಂಬುದು ಆಗಿನ ನಿರೀಕ್ಷೆ. ಅಲ್ಲಿಂದ ಅವು ಶಿಗಾ ಪ್ರಾಂತ್ಯದ ಕೇಂದ್ರಕ್ಕೆ ಬಂದವು, 1960ರ ದಶಕದಲ್ಲೇ ಬಿವಾದ ನೀರನ್ನೂ ಸೇರಿದವು. ತವರಿನಲ್ಲಿ ಬಾಸ್‌ನ ಗೂಡಿಗೆ ಕನ್ನ ಹಾಕುವ ಈ ಮೊಟ್ಟೆಗಳ್ಳ ಇಲ್ಲಿ ಸ್ಥಳೀಯ ಮೀನುಗಳ ಮೊಟ್ಟೆಗೆ ಬಾಯಿ ಹಾಕಿತು. 2007ರಲ್ಲಿ ಬಿವಾ ದಡದ ಓತ್ಸು ನಗರದ ಸಭೆಯೊಂದರಲ್ಲಿ, ಆ ವೇಳೆಗೆ ಚಕ್ರವರ್ತಿಯಾಗಿದ್ದ ಅಕಿಹಿಟೊ ತಾವು ತಂದ ಮೀನಿನಿಂದ ಹೀಗಾದುದಕ್ಕೆ ಮನಸ್ಸಿಗೆ ನೋವಾಗಿದೆ ಎಂದು ಬಹಿರಂಗವಾಗಿ ಹೇಳಿದರು.

ಕಾನೂನು ಬಂತು

ಸರೋವರದ ದಡದಲ್ಲಿ ಎರಡು ಬಗೆಯ ಜನ ಎದುರುಬದುರಾದರು. ಒಂದು ಕಡೆ, ಎರಿ ಎಂಬ ಬಾಣದಾಕಾರದ ಬೇಲಿಬಲೆಗಳಿಂದ ತಲೆಮಾರುಗಳಿಂದ ಬದುಕಿದ ಬೆಸ್ತರು. ಇನ್ನೊಂದು ಕಡೆ, ವಾರಾಂತ್ಯದಲ್ಲಿ ದೂರದೂರುಗಳಿಂದ ಬರುವ ಬಾಸ್ ಹವ್ಯಾಸಿಗಳು, ಅವರನ್ನು ನಂಬಿದ ದೋಣಿ ಮಾಲಿಕರು ಮತ್ತು ಅಂಗಡಿಯವರು. 2002ರಲ್ಲಿ ಶಿಗಾ ಪ್ರಾಂತ್ಯ ತನ್ನ ವಿಧಿಯನ್ನು ಅಂಗೀಕರಿಸಿತು. ಬಾಸ್ ಹಿಡಿಯಬಹುದು, ಆದರೆ ಮತ್ತೆ ಸರೋವರಕ್ಕೆ ಬಿಡುವಂತಿಲ್ಲ. ಹಿಡಿದ ಮೀನನ್ನು ಹಾಕಲು ದಡದಲ್ಲಿ ಪೆಟ್ಟಿಗೆಗಳನ್ನು ಇಡಲಾಯಿತು. ಹವ್ಯಾಸಿಗಳಲ್ಲಿ ಕೆಲವರು ನ್ಯಾಯಾಲಯಕ್ಕೆ ಹೋದರು. 2005ರಲ್ಲಿ ಓತ್ಸು ನ್ಯಾಯಾಲಯ ಅವರ ವಾದವನ್ನು ಒಪ್ಪಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಕಾನೂನು ಬಾಸ್ ಮತ್ತು ಬ್ಲೂಗಿಲ್‌ಗಳನ್ನು ಹಾನಿಕಾರಕ ಪರದೇಶಿ ಜೀವಿಗಳೆಂದು ಸಾರಿತು. ಅವನ್ನು ಜೀವಂತವಾಗಿ ಸಾಗಿಸುವುದು, ಸಾಕುವುದು, ಬೇರೆ ನೀರಿಗೆ ಬಿಡುವುದು ಶಿಕ್ಷಾರ್ಹವಾಯಿತು.

ಬಾಸ್‌ನ ಬಗ್ಗೆ ತಿಳಿದಿದ್ದ ಅದೇ ವಿಜ್ಞಾನ ಈಗ ತಿರುಗಿ ಬಳಕೆಯಾಯಿತು. ಉತ್ತರದ ಮಿಯಾಗಿ ಪ್ರಾಂತ್ಯದ ಇಜುನುಮಾ ಕೆರೆಯಲ್ಲಿ ಜಲ್ಲಿ ತುಂಬಿದ ಕೃತಕ ಗೂಡುಗಳನ್ನು ವಸಂತದಲ್ಲಿ ಇಳಿಬಿಡುತ್ತಾರೆ. ಬಾಸ್ ಅಲ್ಲಿ ಮೊಟ್ಟೆಯಿಟ್ಟ ಮೇಲೆ ಗೂಡನ್ನೇ ಎತ್ತಿ ಮೊಟ್ಟೆಗಳನ್ನು ನಾಶಮಾಡುತ್ತಾರೆ. ಬಿವಾದಲ್ಲಿ ಮೊಟ್ಟೆಯಿಡಲು ದಡಕ್ಕೆ ಬಂದ ಬಾಸ್‌ಗಳನ್ನು ವಿದ್ಯುತ್ ಹಾಯಿಸಿ ಹಿಡಿಯುವ ದೋಣಿಗಳಿವೆ. ಆಂಟೇರಿಯೊದಲ್ಲಿ ತಂದೆ ಮೀನನ್ನು ಉಳಿಸಲು ಹೇಳಿಕೊಟ್ಟ ಜ್ಞಾನವೇ ಜಪಾನಿನಲ್ಲಿ ಅದನ್ನು ಹುಡುಕಿ ತೆಗೆಯುವ ದಾರಿ ತೋರಿತು.

ಬಾಸ್ ಒಂದೇ ಕಾರಣವೆ?

ಇತಿಹಾಸದ ವಿದ್ಯಾರ್ಥಿಗಳು ಒಬ್ಬನೇ ಅಪರಾಧಿಯನ್ನು ಹುಡುಕಿ ತೃಪ್ತರಾಗಬಾರದು. ಬಾಸ್ ಬರುವ ಮೊದಲೇ ಬಿವಾದ ಅಂಚಿನ ಅನೇಕ ಕಿರುಸರೋವರಗಳನ್ನು ಒಣಗಿಸಿ ಹೊಲಗದ್ದೆ ಮಾಡಲಾಗಿತ್ತು. 1972ರಿಂದ 1997ರವರೆಗೆ ನಡೆದ ಸಮಗ್ರ ಅಭಿವೃದ್ಧಿ ಯೋಜನೆಯ ಕಾಲದಲ್ಲಿ ದಡದಲ್ಲಿ ಒಡ್ಡುಗಳೂ ರಸ್ತೆಗಳೂ ಬಂದವು, ನೀರಿನ ಮಟ್ಟ ಮನುಷ್ಯನ ಹತೋಟಿಗೆ ಬಂತು. ಗದ್ದೆಗಳಿಗೂ ಸರೋವರಕ್ಕೂ ಇದ್ದ ದಾರಿ ಕಡಿದುಹೋಯಿತು. ನಿಗೊರೊಬುನ ನಂಬಿದ್ದ ಸ್ಥಳವೇ ಕರಗುತ್ತಿದ್ದಾಗ ಬಾಸ್ ಬಂದಿತು. 'ಎಲ್ಲ ತಪ್ಪನ್ನೂ ಮೀನಿನ ಮೇಲೆ ಹೊರಿಸಬೇಡಿ' ಎಂಬ ಹವ್ಯಾಸಿಗಳ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಮನೆ ಸೋರುತ್ತಿದೆ ಎಂಬ ಕಾರಣಕ್ಕೆ ಕಳ್ಳನನ್ನು ಬಿಟ್ಟುಕೊಳ್ಳಬಹುದೆ ಎಂಬುದು ಬೆಸ್ತರ ಪ್ರಶ್ನೆ.

ಶಿಗಾ ಎರಡೂ ಕೆಲಸಗಳನ್ನು ಕೈಗೆತ್ತಿಕೊಂಡಿತು. ಪರದೇಶಿ ಮೀನುಗಳನ್ನು ಹಿಡಿಯುವುದರ ಜೊತೆಗೆ, ಈ ಶತಮಾನದ ಆರಂಭದ ವರ್ಷಗಳಿಂದ, ಕಾಲುವೆಗಳಲ್ಲಿ ಮೆಟ್ಟಿಲುಗಳನ್ನು ಕಟ್ಟಿ ಮೀನುಗಳು ಗದ್ದೆಗೆ ಹತ್ತಿಬರಲು ದಾರಿ ಮಾಡಿಕೊಟ್ಟಿದೆ. ಇಂತಹ ಗದ್ದೆಗಳನ್ನು 'ಮೀನಿನ ತೊಟ್ಟಿಲು' ಎಂದು ಕರೆಯುತ್ತಾರೆ. ಸರೋವರ ಮತ್ತು ಬೇಸಾಯ ಬೆರೆತ ಈ ಜೀವನಕ್ರಮವನ್ನು 2022ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಜಾಗತಿಕ ಕೃಷಿ ಪರಂಪರೆಯೆಂದು ಗುರುತಿಸಿತು. ಬಾಸ್ ಮಾತ್ರ ಪೂರ್ತಿ ಹೋಗಿಲ್ಲ. ಒಮ್ಮೆ ಬಿಟ್ಟ ಮೀನನ್ನು ಇಷ್ಟು ದೊಡ್ಡ ನೀರಿನಿಂದ ಹಿಂದಕ್ಕೆ ಕರೆಯುವುದು ಸುಲಭವಲ್ಲ.

ಎರಡು ದಾಖಲೆ

1932ರ ಜೂನ್ 2ರಂದು ಅಮೆರಿಕದ ಜಾರ್ಜಿಯ ರಾಜ್ಯದಲ್ಲಿ ಜಾರ್ಜ್ ಪೆರ್ರಿ ಎಂಬ ಯುವ ರೈತ ಹಿಡಿದ ಬಾಸ್ 22 ಪೌಂಡ್ 4 ಔನ್ಸ್, ಅಂದರೆ ಸುಮಾರು 10 ಕಿಲೋ ತೂಗಿತು. ಪೆರ್ರಿಯ ಮನೆಯವರು ಅದನ್ನು ಅಡುಗೆ ಮಾಡಿ ಉಂಡರು. ಆ ವಿಶ್ವದಾಖಲೆಯನ್ನು 77 ವರ್ಷ ಯಾರೂ ಮುಟ್ಟಲಿಲ್ಲ. 2009ರ ಜುಲೈ 2ರಂದು ಕುರಿಟಾ ಮನಾಬು ಎಂಬುವರು ಅದನ್ನು ಸರಿಗಟ್ಟಿದರು. ಅವರು ಹಿಡಿದ ಬಾಸ್ 10.12 ಕಿಲೋ ತೂಗಿತು. ಅದು ಸಿಕ್ಕಿದ್ದು ಅಮೆರಿಕದಲ್ಲಲ್ಲ, ಬಿವಾ ಸರೋವರದಲ್ಲಿ. ಗಾಳಕ್ಕೆ ಎರೆಯಾಗಿ ಸಿಕ್ಕಿಸಿದ್ದು ಬ್ಲೂಗಿಲ್ ಮೀನು.

ಪರದೇಶಿ ಮೀನು ಪರದೇಶಿ ಮೀನನ್ನು ತಿಂದು ತವರಿನ ದಾಖಲೆಯನ್ನು ಮುಟ್ಟಿತು. ಹವ್ಯಾಸಿಗೆ ಅದು ಜೀವಮಾನದ ಸಾಧನೆ. ಎರಿ ಬಲೆಯ ಬೆಸ್ತನಿಗೆ, ತನ್ನ ಸರೋವರ ಏನನ್ನು ಉಣಿಸಿ ಅದನ್ನು ಬೆಳೆಸಿತು ಎಂಬುದರ ತೂಕ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ವಿದ್ಯಾರ್ಥಿ ಮಿತ್ರರೆ, ಈ ಕಥೆಯಲ್ಲಿ ದುಷ್ಟರು ಯಾರೂ ಇಲ್ಲ. ರುಚಿಯ ಮೀನು ತಂದ ಉದ್ಯಮಿ, ಉಡುಗೊರೆ ಕೊಟ್ಟ ಮೇಯರ್, ಅದನ್ನು ಪಡೆದ ಯುವರಾಜ, ಹಿಡಿದದ್ದನ್ನು ಕೊಲ್ಲಬೇಡಿ ಎಂದ ಕ್ರೀಡಾಪಟು, ಎಲ್ಲರ ಉದ್ದೇಶವೂ ಒಳ್ಳೆಯದೇ. ಗೂಡು ಕಾಯುವ ತಂದೆ ಮೀನಿನದಂತೂ ಯಾವ ತಪ್ಪೂ ಇಲ್ಲ. ಒಳ್ಳೆಯ ಉದ್ದೇಶ ಎಲ್ಲ ಊರಿಗೂ ಒಂದೇ ಆಗಿರಬಹುದು. ನೀರು ಮಾತ್ರ ಒಂದೊಂದು ಊರಿನದು ಒಂದೊಂದು. ಕೈಯಲ್ಲಿ ಜೀವಂತ ಮೀನು ಹಿಡಿದವರು ಬಿಡುವ ಮುನ್ನ ಕೇಳಬೇಕಾದದ್ದು ಈ ಮೀನಿಗೆ ಏನಾಗುತ್ತದೆ ಎಂದಷ್ಟೇ ಅಲ್ಲ, ಈ ನೀರಿನಲ್ಲಿ ಮೊದಲಿನಿಂದ ಇದ್ದವರಿಗೆ ಏನಾಗುತ್ತದೆ ಎಂದೂ ಕೇಳಬೇಕು.